ತೊರಪಲ್ಲಿಯ ಕಡೇ ಬಸ್ಸು

ಅಪ್ಪಾ,

ನೀನು ತೀರಿಹೋದ ಮೇಲೆ ಇದು ಮೊದಲ ಸೀಸನ್. ಅರ್ಧ ಮುಗಿದಿದೆ, ನಮ್ಮ ಫುಟ್‌ಬಾಲ್ ತಂಡ ಪಾಯಿಂಟ್ ಪಟ್ಟಿಯ ತಳದಲ್ಲಿದೆ. ಚೆಂಡು ಕಾಲಿಗೆ ಬಂದರೆ ಡಿಫೆಂಡರ್‌ಗಳು ಕೆಂಡ ತುಳಿದವರಂತೆ ಹಾರುತ್ತಾರೆ. ಮುಂದೆ ಆಡುವವರಿಗೆ ಗೋಲು ಎಲ್ಲಿದೆ ಎನ್ನುವುದೇ ಮರೆತಂತಿದೆ. ಹೊಸ ಕೋಚ್ ಗೆರೆಯಾಚೆ ಕೈಕಟ್ಟಿ ನಿಂತಿರುತ್ತಾನೆ. ನೀನಿದ್ದಿದ್ದರೆ ಬೈದು ಬೈದು ಗಂಟಲು ಕಟ್ಟಿಸಿಕೊಳ್ಳುತ್ತಿದ್ದೆ.

ನಿನ್ನೆ ಒಬ್ಬಳೇ ಬೆಂಗಳೂರಿಗೆ ಆಟ ನೋಡಲು ಹೋಗಿ ಸ್ಟೇಡಿಯಂನಲ್ಲಿ ನಮ್ಮ ಜಾಗದಲ್ಲೇ ಕೂತೆ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಅಭ್ಯಾಸದಂತೆ ಎದ್ದು ನಿಂತೆ. "ಏಳು ಸಿಂಚು, ಹೊಸೂರಲ್ಲಿ ನಮ್ಮೂರ ಕಡೇ ಬಸ್ ತಪ್ಪೋಯ್ತದೆ" ಎಂದು ಪ್ರತಿ ಸಲ ಎಬ್ಬಿಸುತ್ತಿದ್ದೆಯಲ್ಲ. ನಿನ್ನೆ ಎಬ್ಬಿಸುವವರು ಇರಲಿಲ್ಲ. ಮತ್ತೆ ಕೂತೆ.

ಎರಡು ಗೋಲಿನಿಂದ ಸೋತೆವು. ಆಮೇಲೆ ಏನಾಗುತ್ತದೆ ಗೊತ್ತಾ ಅಪ್ಪಾ? ಆಟಗಾರರು ಮೈದಾನ ಸುತ್ತಿ ಬಂದು, ಆ ಸೋತ ಮುಖದಲ್ಲೇ, ಕೊನೆವರೆಗೆ ಕೂತವರಿಗೆ ಚಪ್ಪಾಳೆ ತಟ್ಟುತ್ತಾರೆ. ಗೋಲ್‌ಕೀಪರ್ ನಮ್ಮ ಸಾಲಿನ ಕಡೆಗೂ ತಿರುಗಿ ತಟ್ಟಿದ. ಇಷ್ಟು ವರ್ಷ ನಾವಿದನ್ನು ನೋಡೇ ಇರಲಿಲ್ಲ.

ಬಸ್ಸು ಹೋಗಿರುತ್ತದೆ ಎಂದುಕೊಂಡೇ ಹೊಸೂರಲ್ಲಿ ಇಳಿದೆ. ನಮ್ಮೂರು ತೊರಪಲ್ಲಿಯ ಬಸ್ಸು ಇನ್ನೂ ನಿಂತಿತ್ತು. ಓಡಿ ಹತ್ತಿದೆ.

"ಯಾಕಮ್ಮಾ ಹಂಗೆ ಓಡ್ಬತ್ತೀಯ? ಇದಾದ್ಮೇಲೂ ಒಂದು ಟ್ರಿಪ್ ಐತೆ. ಎಷ್ಟೋ ವರ್ಷದಿಂದ ಐತೆ" ಎಂದರು ಕಂಡಕ್ಟರ್.

ನಿನಗ್ಯಾಕಪ್ಪಾ ಅಷ್ಟು ಅವಸರವಿತ್ತು?

ಸಿಂಚನಾ