ನಿಶಾಕೇತನ ಮಾವ

ಜುಲೈ 6, ಭಾನುವಾರ
ಸ್ನಾನ, ಪೂಜೆ, ಪತ್ರಿಕೆ. ಸಂಪಾದಕೀಯದಲ್ಲಿ ಎರಡು ತಪ್ಪು. ಕೆಂಪು ಶಾಯಿಯಲ್ಲಿ ಗುರುತಿಸಿದೆ. ಬಳಿಕ ಸಮನ್ವಿತಾ ಕೊಟ್ಟ ಇಂಗ್ಲಿಷ್ ಕಾದಂಬರಿ. ರಕ್ತ ಕುಡಿದು ಬದುಕುವ, ನೂರು ವರ್ಷದಿಂದ ಹತ್ತೊಂಬತ್ತರಲ್ಲೇ ನಿಂತ ಯುವಕ. ಅವನನ್ನು ಪ್ರೀತಿಸಿ, ತಾನೂ ಮುಪ್ಪಿಲ್ಲದವಳಾಗಿ, ಅವನೊಡನೆ ಹೊರಟುಹೋಗುವ ಹುಡುಗಿ. ಇಂಥದ್ದನ್ನೆಲ್ಲ ಓದುವುದೇ ಎಂದುಕೊಂಡಿದ್ದೆ. ಮುಗಿಯುವವರೆಗೆ ಕೆಳಗಿಡಲಾಗಲಿಲ್ಲ!

ಸಮನ್ವಿತಾ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ, ಈಗ ಬಿ.ಎಡ್. ಓದುತ್ತಿದ್ದಾಳೆ. ಈ ಕಥೆಯನ್ನು ಯಕ್ಷಗಾನ ಪ್ರಸಂಗವಾಗಿ ಬರೆದಿದ್ದಾಳೆ. ಛಂದಸ್ಸು ಶುದ್ಧ. ನಾಯಕ ನಿಶಾಕೇತ, ನಾಯಿಕೆ ಮಧುಲೇಖೆ. ಈ ತಿಂಗಳು ಅರಂತೋಡಿನ ನಮ್ಮ ಸಂಘದ ತಾಳಮದ್ದಳೆಗೆ — ವೇಷವಿಲ್ಲ, ಕುಳಿತು ಆಡುವ ಮಾತೇ ಎಲ್ಲ — ಅದೇ ಆಗಬೇಕಂತೆ. ಮಧುಲೇಖೆಯ ಅರ್ಥ ಅವಳೇ ಹೇಳುತ್ತಾಳಂತೆ, ಮೊದಲ ಸಲ. ನನಗೆ ಮಧುಲೇಖೆಯ ತಂದೆಯ ಪಾತ್ರ.

ಕಾದಂಬರಿಯಲ್ಲಿ ಈ ತಂದೆಗೆ ಯಾರೂ ಏನನ್ನೂ ಹೇಳುವುದಿಲ್ಲ. ಮಗಳು ಏನಾದಳೆಂಬುದೂ ಅವನಿಗೆ ತಿಳಿಯದು. ಶುದ್ಧ ಅನ್ಯಾಯ. ಸಮನ್ವಿತಾ ಅವನಿಗೆ ಒಂದು ಪದ್ಯ ಕೊಟ್ಟಿದ್ದಾಳೆ — ಮಗಳನ್ನು ತಡೆಯುವ ಪದ್ಯ. ಒಂದು ಸಾಕು. ಅದರ ಮೇಲೆ ಆಶುವಾಗಿ ಆಡುವ ಅರ್ಥ ನನ್ನದಲ್ಲವೆ!

ಜುಲೈ 8
ಸಂಘದ ಸಭೆ. ಸಂಚಾಲಕ ಮುರಳಿಕೃಷ್ಣ ಭಟ್ಟರದ್ದು ಮುಖ ಗಂಟು.
“ಇದೆಂತ ಪ್ರಸಂಗ ಮಾರಾಯ್ರೆ? ಪುರಾಣದಲ್ಲಿ ಉಂಟಾ ಇದು?”
“ರಾಕ್ಷಸರನ್ನು ವರಿಸಿದವರು ಪುರಾಣದಲ್ಲಿ ಇಲ್ಲವೆ?” ಎಂದೆ.
“ಆ ರಾಕ್ಷಸರು ಇಂಗ್ಲಿಷಿನಿಂದ ಬಂದವರಲ್ಲ!”
ಕೊನೆಗೆ ಒಪ್ಪಿದರು, ಷರತ್ತಿನ ಮೇಲೆ. ಹುಡುಗಿ ಉತ್ತರ ತೋಚದೆ ಕುಳಿತರೆ ಈ ಪ್ರಸಂಗವೂ ಮುಗಿಯಿತು, ನಮ್ಮ ಸಂಘದಲ್ಲಿ ಅವಳ ಅರ್ಥವೂ ಮುಗಿಯಿತು. ಅವಳು ತಲೆಯಾಡಿಸಿದಳು.

ನಿಶಾಕೇತ — ಕೋಡಿಂಬಾಳದ ರಬ್ಬರ್ ಕೃಷಿಕ ವರ್ಗೀಸ್. “ಕತ್ತಲಲ್ಲೇ ಎದ್ದು, ಮರಕ್ಕೆ ಗಾಯ ಮಾಡಿ ಹಾಲು ಇಳಿಸುವವ ನಾನು. ಈ ಪಾತ್ರಕ್ಕೆ ನನಗೆ ಅಭ್ಯಾಸವೇ ಬೇಡ, ಮಾಸ್ಟ್ರೇ!”

ಜುಲೈ 19
ಬರೆಯಲು ಪುರುಸೊತ್ತಿಲ್ಲ. ಊಟಕ್ಕೆ ಕುಳಿತರೂ ವಾದ. ಹೆಂಡತಿ ಪರಮೇಶ್ವರಿ ಸಾರು ಬಡಿಸುತ್ತ, “ನಮಗೆ ಮಗಳೇ ಇಲ್ಲ. ಯಾರನ್ನು ತಡೆಯುದು ನೀವು?” ಎಂದಳು. ಕೇಳಿಸದವನಂತೆ ಉಂಡೆ.

ಇಂದು ಅಭ್ಯಾಸ. ವರ್ಗೀಸರನ್ನು ನಾಲ್ಕೇ ಮಾತಿನಲ್ಲಿ ಕಟ್ಟಿಹಾಕಿದೆ. ಆಮೇಲೆ ಮಗಳ ಕಡೆ ತಿರುಗಿ —
“ಅವನು ನಿನ್ನ ರಕ್ತ ಕುಡಿದಾನೆಂಬ ಭಯ ನನಗಿಲ್ಲ. ಅವನಂತೆ ನೀನೂ ಹತ್ತೊಂಬತ್ತರಲ್ಲಿ ನಿಂತುಹೋಗುವೆ, ಅದು ನನ್ನ ಭಯ. ದೀರ್ಘಾಯುಷ್ಮತಿಯಾಗು ಎಂದು ಹರಸಿದ್ದು ನಿನ್ನ ತಲೆ ನರೆಯಲಿ ಎಂದು. ಆ ನರೆಯನ್ನು ನಾನು ಕಾಣಲಾರೆ. ಆದರೂ ಅದು ನನಗೆ ಬೇಕು.”
ಸಮನ್ವಿತಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಪದ್ಯ ಹಾಡುವ ಭಾಗವತ ಶ್ರೀಶ ಮೆಲ್ಲನೆ ತಾಳ ಕೆಳಗಿಟ್ಟ.

ಹೊರಗೆ ಬಂದಾಗ ಹೇಳಿದೆ — ಆ ಮಾತನ್ನು ಬಿಟ್ಟುಬಿಡುತ್ತೇನೆ.
“ಬಿಡಬೇಡಿ ಸರ್. ನೀವು ಬೇಕೆಂದೇ ಸೋತರೆ ನನಗೆ ಗೊತ್ತಾಗ್ತದೆ. ಕೂತವರಿಗೂ ಗೊತ್ತಾಗ್ತದೆ.”
ಕಣ್ಣು ಕೆಂಪಾಗಿತ್ತು. ಗದರಿಸಿದಂತೆಯೇ ಹೇಳಿದಳು. ನನ್ನನ್ನು!

ಜುಲೈ 25
ನಾಳೆ. ಹೇಳಿದರೆ ಹುಡುಗಿ ಸೋತಾಳು. ಬಿಟ್ಟರೆ ಆ ತಂದೆ ಮತ್ತೆ ಮೂಕನಾದಾನು...

ಜುಲೈ 26, ಸಂಜೆ
ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಭಟ್ಟರು ಕುರ್ಚಿಯ ತುದಿಗೆ ಬಂದಿದ್ದರು. ಸಮನ್ವಿತಾ ತಲೆ ತಗ್ಗಿಸಿದ್ದಳು. ನಾನು ಮನಸ್ಸಿನಲ್ಲೇ — ಮಾತಾಡು ಮಗೂ, ಮಾತಾಡು!
ಆಗ, ನಿಧಾನವಾಗಿ —
“ಅಪ್ಪಯ್ಯಾ, ನೀವು ಹೋಗುವಿರಿ. ನಿಮ್ಮನ್ನು ಕಂಡವರೂ ಹೋಗುವರು. ನಿಮ್ಮ ನಗು ಹೇಗಿತ್ತು, ನನ್ನನ್ನು ಹೆಗಲಿಗೇರಿಸಿಕೊಂಡು ಯಾವ ದಾರಿಯಲ್ಲಿ ನಡೆದಿರಿ... ಮೂರು ತಲೆಮಾರು ಕಳೆದ ಮೇಲೆ ಹೇಳುವವರು ಯಾರು? ಮುಪ್ಪಿಲ್ಲದ ಮಗಳೊಬ್ಬಳಿದ್ದರೆ ಅವಳು ಹೇಳಿಯಾಳು. ನಾನು ನಿಮ್ಮನ್ನು ಬಿಟ್ಟು ಹೊರಟವಳಲ್ಲ. ಕರೆದುಕೊಂಡು ಹೊರಟವಳು.”

ನನ್ನಲ್ಲಿ ಮಾತಿಲ್ಲ. ಅಭಿನಯವಲ್ಲ, ನಿಜಕ್ಕೂ ಇಲ್ಲ! ಶ್ರೀಶ ನನ್ನ ಮುಖ ನೋಡಿದ, ಕಾದ, ಮತ್ತೂ ಕಾದ. ಮುಂದಿನ ಪದ್ಯ ಎತ್ತಿದ. ಚಪ್ಪಾಳೆಯಲ್ಲಿ ಅವನ ಸ್ವರವೇ ಕೇಳಲಿಲ್ಲ. ಎಂಥ ಸೋಲು! ಇಂಥ ಸೋಲು ಇದುವರೆಗೆ ಸಿಕ್ಕಿರಲಿಲ್ಲ.

ಚಹಾ ಕುಡಿಯುವಾಗ ವರ್ಗೀಸ್ — “ಹುಡುಗಿಯ ಜೊತೆ ಮಾವನನ್ನೂ ಸಾಕಬೇಕೆಂದು ನನಗೆ ಯಾರೂ ಹೇಳಿಲ್ಲ, ಮಾಸ್ಟ್ರೇ!”
ಭಟ್ಟರು ಸಮನ್ವಿತಾಳ ಬಳಿ ಹೋಗಿ, “ಮುಂದಿನ ತಿಂಗಳು ದಾಕ್ಷಾಯಣಿಯ ಅರ್ಥ ಹೇಳ್ತೀಯಾ?” ಎಂದರು. ಅವರ ಬಾಯಲ್ಲಿ ಪ್ರಶಂಸೆ ಇದಕ್ಕಿಂತ ಹೆಚ್ಚು ಬರುವುದಿಲ್ಲ.

ಜುಲೈ 27, ಬೆಳಗ್ಗೆ
ಸಮನ್ವಿತಾಳ ಫೋನ್.
“ಸರ್, ಕಲ್ಲುಗುಂಡಿಯ ಸಂಘದವರೂ ಇದೇ ಪ್ರಸಂಗ ಕೇಳ್ತಿದ್ದಾರೆ. ನೀವು ಬರ್ತೀರಲ್ಲ, ಇನ್ನೊಮ್ಮೆ ಸೋಲ್ಲಿಕ್ಕೆ?”
ಪೋಕರಿ. ಬರುತ್ತೇನೆ ಎಂದೆ. ಈ ಸಲ ತಂದೆ ಸುಮ್ಮನೆ ಕೂರುವವನಲ್ಲ. “ನನ್ನನ್ನು ಮರೆತರೂ ಅಡ್ಡಿಯಿಲ್ಲ...” — ಅಲ್ಲ. ದುರ್ಬಲ. ಅದನ್ನವಳು ಒಂದೇ ಏಟಿಗೆ ಮುರಿದಾಳು. “ನೆನಪೆಂಬುದು ಹೊರೆ...” — ಅದೂ ಅಲ್ಲ. ಹಾಂ! ಸಿಕ್ಕಿತು. ಸಿಕ್ಕಿಯೇಬಿಟ್ಟಿತು. “ಮಗಳೇ, ಹಾಗಾದರೆ ನೀನು...” — ಬೇಡ, ಇದನ್ನು ಇಲ್ಲಿ ಬರೆಯುವುದಿಲ್ಲ, ಕಲ್ಲುಗುಂಡಿಯಲ್ಲೇ ಹೇಳುತ್ತೇನೆ!