ಮಾವನ ರೇಡಿಯೊ ಮೇಜನ್ನು ಹಸನು ಮಾಡಿದ ಮೇಲೆ

ಮಾವ,

ಪರಊರಿಗೆ ಹೋದಾಗ ನಿಮಗೆ ಕಾಗದ ಬರೆಯುವಾಗಲೆಲ್ಲ ಮೊದಲು ‘ತೀರ್ಥರೂಪ ಸಮಾನರಾದ’ ಎಂದು ಬರೆಯುತ್ತಿದ್ದೆ. ಈ ಸಲ ಬರೆಯಲು ಮನಸ್ಸು ಒಪ್ಪಲಿಲ್ಲ. ನೀವು ಶರಣಕ್ಕನ ಗಂಡ, ನನ್ನ ಮಾವ, ಅಷ್ಟು ಸಾಕು. ನೀವು ತೀರಿಕೊಂಡು ಮೂರು ತಿಂಗಳಾದವು. ಮೊದಲ ಎರಡು ತಿಂಗಳು ಅತ್ತಿದ್ದೇನೆ. ಈ ತಿಂಗಳು ಪೂರ್ತಿ ಸಿಟ್ಟಿನಲ್ಲಿ ಕಳೆದಿದ್ದೇನೆ.

ನಿಮ್ಮ ಮೇಜು ಕಣ್ಣಮುಂದೆ ಬರುತ್ತದೆ. ಮೇಜು ಎನ್ನುವುದೇ ದೊಡ್ಡ ಮಾತು. ಅಫಜಲಪುರದ ಮನೆಯ ಪಡಸಾಲೆಯಲ್ಲಿ ಎರಡು ಕಟ್ಟಿಗೆಯ ಖೋಕಾ ಪೆಟ್ಟಿಗೆ ಇಟ್ಟು, ಮೇಲೆ ಹಳೆಯ ಬಾಗಿಲ ಹಲಗೆ ಹಾಸಿದ್ದಿರಿ. ಅದರ ತುಂಬ ಬಿಚ್ಚಿದ ರೇಡಿಯೊಗಳು, ಸಿಕ್ಕುಬಿದ್ದ ತಂತಿ, ಸತ್ತ ಬ್ಯಾಟರಿ, ನಿಮ್ಮ ಎಲೆಅಡಿಕೆ ಸಂಚಿ, ಅಕ್ಕ ಮನೆಯೆಲ್ಲ ಹುಡುಕುತ್ತಿದ್ದ ಅಡಕೊತ್ತು. “ಮಾವಾರ, ಒಂದಿನ ಕುಂತು ಎಲ್ಲಾ ಹಸನ ಮಾಡ್ತೇನ್ರಿ” ಎಂದು ಎಷ್ಟು ಸಲ ಕೇಳಿಲ್ಲ ನಾನು? “ಕೈ ಹಚ್ಚಬ್ಯಾಡ ಮಲ್ಲು. ನನ್ನ ಸಂತಿ ನನಗ ತಿಳೀತದ” ಎನ್ನುತ್ತಿದ್ದಿರಿ. ದೊಡ್ಡ ಕೆಲಸಗಾರರಿಗೆ ಇಂಥದೊಂದು ಹುಚ್ಚು ಇರುವುದೇ ಎಂದುಕೊಂಡು ನಕ್ಕುಬಿಡುತ್ತಿದ್ದೆ.

ನೀವು ರೆಸಿಸ್ಟರು ಆರಿಸುತ್ತಿದ್ದ ರೀತಿಗೆ ಗಿರಾಕಿಗಳು ಬಾಯಿ ತೆರೆದು ಕೂರುತ್ತಿದ್ದರು. ಕರೆಂಟನ್ನು ಬೇಕಾದಷ್ಟೇ ಬಿಟ್ಟು ಉಳಿದದ್ದನ್ನು ತಡೆಯುವ ಬೆರಳ ಗೆಣ್ಣಿನುದ್ದದ ಆ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ, ಕಣ್ಣು ಮುಚ್ಚಿ, “ಹಾಂ, ಇದು” ಎನ್ನುತ್ತಿದ್ದಿರಿ. ಶೆಗಡಿಯ ಕೆಂಡದಲ್ಲಿ ಬೆಸುಗೆ ಕಡ್ಡಿ ಕಾಯಿಸಿ ಹಚ್ಚುವುದಷ್ಟೇ ನನ್ನ ಕೆಲಸ. ಅದರ ಮೇಲಿನ ಬಣ್ಣ ಏನು ಹೇಳುತ್ತದೆ ಎಂದು ಕೇಳಿದ್ದಕ್ಕೆ, “ಅದು ಕಂಪನಿಯವ್ರು ಚಂದಕ್ಕ ಬಳದದ್ದು. ಇದು ಕೈಗುಣದ ಕೆಲಸ” ಎಂದಿರಿ. ನಾನು ನಂಬಿದೆ. ಆರು ವರ್ಷ ಕಣ್ಣು ಮುಚ್ಚಿಕೊಂಡು ಆ ಕಡ್ಡಿಗಳನ್ನು ಹೊರಳಿಸಿದ್ದೇ ಹೊರಳಿಸಿದ್ದು. ಬೆರಳಿಗೆ ಏನೂ ತಿಳಿಯಲಿಲ್ಲ. ಹೇಗೆ ತಿಳಿದೀತು, ಹೇಳಿ?

ನೀವು ಆಳಂದಕ್ಕೆ ಮದುವೆಗೆ ಹೋದಾಗ ಮಣ್ಣೂರಿನ ಗೌಡರ ರೇಡಿಯೊ ಬಂದದ್ದು ನಿಮಗೆ ಮರೆತಿರಲಾರದು. ಗೌಡರು ಯುದ್ಧದ ಸುದ್ದಿ ಕೇಳಬೇಕೆಂದು ಅವಸರ ಮಾಡಿದರು. ನಾನು ನಿಮ್ಮ ಹಾಗೆಯೇ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ಒಂದು ರೆಸಿಸ್ಟರು ಆರಿಸಿ ಹಚ್ಚಿದೆ. ರೇಡಿಯೊದೊಳಗಿನ ಗಾಜಿನ ಬುಡ್ಡಿ, ಆ ವಾಲ್ವು, ಒಮ್ಮೆ ಝಗ್ಗೆಂದು ಬೆಳಗಿ ಸುಟ್ಟುಹೋಯಿತು. ಯುದ್ಧಕಾಲ, ಹೊಸ ವಾಲ್ವು ಎಲ್ಲಿಂದ ತರುವುದು? ನೀವು ಮರಳಿ ಬಂದು, ತುಂಬಿದ ಪಡಸಾಲೆಯಲ್ಲಿ, ನನ್ನ ಎದುರಿಗೇ ಹೇಳಿದಿರಿ: “ಏನ್ ಮಾಡೋದ್ರಿ ಗೌಡ್ರ, ನಮ್ಮ ಮಲ್ಲಣ್ಣ ಭಾಳ ಛಲೋ ಮನಶ್ಯಾ, ಆದ್ರ ಅವನ ಕೈಗುಣ ಛಲೋ ಇಲ್ಲ.” ಅವತ್ತು ನನ್ನನ್ನು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಆ ಮಾತು ಪಡಸಾಲೆಯಲ್ಲೇ ಉಳಿಯಲಿಲ್ಲ ಮಾವ. ಊರು ತಿರುಗಿತು, ಹೊಲಕ್ಕೂ ಬಂತು. ಬಿತ್ತನೆಯ ದಿನ ಕೂರಿಗೆಗೆ ಮೊದಲ ಹಿಡಿ ಕಾಳು ಹಾಕಲು ನಾನು ಹೆಂಡತಿಯನ್ನೇ ಮುಂದೆ ಮಾಡಿದೆ. ಮಗಳಿಗೆ ಮೊದಲ ತುತ್ತು ಉಣಿಸುವ ದಿನ ಬಟ್ಟಲು ಹಿಡಿದು ಕುಳಿತಿದ್ದವನು ಕೈ ಹಿಂದಕ್ಕೆ ತೆಗೆದೆ. “ನನ್ನ ಕೈಲೆ ಬ್ಯಾಡ್ರಿ ಮಾವಾರ, ನೀವ ಉಣಸ್ರಿ” ಎಂದೆ. ನೀವು ಉಣಿಸಿದಿರಿ! ನನ್ನ ಕೂಸಿನ ಬಾಯಿಗೆ ಮೊದಲ ಪಾಯಸ ಇಡುವಾಗ ನಿಮಗೆ ಒಂದು ಗಳಿಗೆಯಾದರೂ... ಹೋಗಲಿ. ನನ್ನ ಕೈಯಲ್ಲಿ ಏನೂ ಕೆಡುಕಿಲ್ಲ ಎಂದು ಆ ಮನೆಯಲ್ಲಿ ಬಲ್ಲವರು ನೀವೊಬ್ಬರೇ ಎಂದು, ನಿಮ್ಮ ಗುಟ್ಟು ಸಿಕ್ಕಾಗ, ಒಂದು ಗಳಿಗೆ ತಿಳಿದಿದ್ದೆ. ಅದೂ ಸುಳ್ಳಾಯಿತು. ಮುಂದೆ ಹೇಳುತ್ತೇನೆ.

“ಅವ್ರ ಮೇಜು ನೋಡಿದ್ರ ಎದಿ ಝಲ್ ಅಂತದ ತಮ್ಮಾ, ಹಸನ ಮಾಡಿಬಿಡು” ಎಂದು ಅಕ್ಕನೇ ಹೇಳಿದ ಮೇಲೆ ಕೈ ಹಚ್ಚಿದೆ. ಕೈಯಲ್ಲಿ ಕಾಸಿರಲಿಲ್ಲ, ಇದ್ದದ್ದರಲ್ಲೇ ಮಾಡಬೇಕಿತ್ತು. ಅಂಗಡಿಯವರಿಂದ ಖಾಲಿ ಕಡ್ಡಿಪೆಟ್ಟಿಗೆ ಕೇಳಿ ತಂದು, ಗಂಜಿ ಹಚ್ಚಿ ಒಂದರ ಮೇಲೊಂದು ಅಂಟಿಸಿ ಸಣ್ಣ ಸಣ್ಣ ಖಾನೆ ಮಾಡಿದೆ. ಸ್ಕ್ರೂಗಳಿಗೆ ತೆಂಗಿನ ಪರಟೆ, ಬೆಸುಗೆಯ ತವರಕ್ಕೆ ಚಹಾಪುಡಿ ಡಬ್ಬಿ. ವಾಲ್ವುಗಳನ್ನು ಅಕ್ಕನ ಹಳೆಯ ಸೀರೆಯ ಚಿಂದಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟೆ. ರೆಸಿಸ್ಟರುಗಳಿಗೆ ಮಾತ್ರ ಏನೂ ಹೊಂದಲಿಲ್ಲ. ಕೊನೆಗೆ ಒಣ ಜೋಳದ ದಂಟು ಸೀಳಿ, ಒಳಗಿನ ಮೆತ್ತನೆಯ ಬೆಂಡಿಗೆ ಅವುಗಳ ತಂತಿಕಾಲು ಚುಚ್ಚಿ ಸಾಲಾಗಿ ನಿಲ್ಲಿಸಿದೆ. ಯಾವುದರ ಗುಣ ಏನೆಂದು ಗೊತ್ತಿಲ್ಲದವನು ಹೇಗೆ ವಿಂಗಡಿಸಬೇಕು? ಬಣ್ಣ ನೋಡಿ ವಿಂಗಡಿಸಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ದಂಟು.

ಮರುದಿನ ಮೂಲೆಯಲ್ಲಿದ್ದ ನಾಲ್ಕು ಹಾಳು ರೇಡಿಯೊ ಬಿಚ್ಚಿ ಅವುಗಳ ರೆಸಿಸ್ಟರುಗಳನ್ನೂ ದಂಟಿಗೆ ಸೇರಿಸುತ್ತಿದ್ದೆ. ಮೂರನೆಯದನ್ನು ಬಿಚ್ಚುವಾಗ ಕೈ ನಿಂತಿತು. ಒಂದೇ ಜಾಗದಲ್ಲಿ ಒಂದೇ ಬಣ್ಣ. ನಾಲ್ಕನೆಯದರಲ್ಲೂ ಅದೇ. ಚಂದಕ್ಕೆ ಬಳಿದ ಬಣ್ಣ ಪ್ರತಿ ರೇಡಿಯೊದಲ್ಲೂ ಅದೇ ಜಾಗಕ್ಕೆ ಹೇಗೆ ಬಂದು ಕೂರುತ್ತದೆ ಮಾವ? ನನ್ನ ಕಣ್ಣಿಗೆ ಇದು ಬೀಳಬಾರದೆಂದೇ ಅಲ್ಲವೇ ಆ ಮೇಜು ಆರು ವರ್ಷ ಸಂತೆಯಾಗಿದ್ದದ್ದು? ಹಲಗೆ ತೊಳೆಯಲೆಂದು ಮಗುಚಿದಾಗ ಉಳಿದದ್ದೂ ಸಿಕ್ಕಿತು. ಹಿಂಬದಿಗೆ ಅಂಟಿಸಿದ ಕಾಗದ, ನಿಮ್ಮದೇ ಗುಂಡನೆಯ ಅಕ್ಷರ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು... ಮೈಯ ಬಣ್ಣ ಮೊದಲ ಅಂಕಿ, ತುದಿಯದು ಎರಡನೆಯದು, ನಡುವಿನ ಚುಕ್ಕೆ ಮುಂದೆ ಎಷ್ಟು ಸೊನ್ನೆ ಎಂಬುದು. ಇಷ್ಟೇ. ಕಣ್ಣು ಮುಚ್ಚುವ ಮೊದಲು ನೀವು ಬಣ್ಣ ನೋಡಿಕೊಳ್ಳುತ್ತಿದ್ದಿರಿ. ನಾನು ಪೆದ್ದ, ನೀವು ಕಣ್ಣು ಮುಚ್ಚಿದ್ದನ್ನು ಮಾತ್ರ ನೋಡುತ್ತಿದ್ದೆ.

ಹಲಗೆಯನ್ನೇ ಎತ್ತಿಕೊಂಡು ಒಲೆಯ ಮುಂದಿದ್ದ ಅಕ್ಕನ ಹತ್ತಿರ ಹೋದೆ. ಅವಳು ಕಾಗದ ನೋಡಿದಳು, ನನ್ನ ಮುಖ ನೋಡಲಿಲ್ಲ. “ನನಗ ಗೊತ್ತಿತ್ತು ತಮ್ಮಾ” ಎಂದಳು. “ಏನ್ ಬರದಾರ ಅನ್ನೋದು ಗೊತ್ತಿರ್ಲಿಲ್ಲ. ಮುಚ್ಚಿಟ್ಟಾರ ಅನ್ನೋದು ಗೊತ್ತಿತ್ತು. ‘ಕಲ್ತ್ರ ಮಲ್ಲು ಬ್ಯಾರೆ ಅಂಗಡಿ ಹಾಕ್ತಾನ, ನಮ್ಮನ್ನ ಬಿಟ್ಟು ಹೋಗ್ತಾನ. ನಮಗರ ಮಕ್ಕಳಿಲ್ಲ, ಯಾರು ನೋಡ್ತಾರ?’ ಅಂತಿದ್ರು.”

“ನೀ ಯಾಕ ಸುಮ್ಮನಿದ್ದಿ ಅಕ್ಕಾ?”

“ನನಗೂ ಅಂಜಿಕಿ ಇತ್ತಪ್ಪಾ.”

ಅವತ್ತು ಆ ಮನೆಯಲ್ಲಿ ಉಣ್ಣಲಿಲ್ಲ. ನೀವು ಹೊರಗಿನಿಂದ ಬಂದ ಮಾವ, ಇವಳು ಒಡಹುಟ್ಟಿದವಳು. ಗೌಡರ ಮುಂದೆ ನಾನು ತಲೆ ತಗ್ಗಿಸಿ ನಿಂತಾಗ ಬಾಗಿಲ ಮರೆಯಲ್ಲಿ ನಿಂತು ಕೇಳಿದವಳು. ಅಂಜಿಕೆ ಇದ್ದರೆ ಒಂದು ಮಾತು ಕೇಳಬಾರದಿತ್ತೇ ನೀವಿಬ್ಬರೂ? “ಮಲ್ಲು, ನಮ್ಮನ್ನ ಬಿಟ್ಟು ಹೋಗಬ್ಯಾಡ” ಎಂದು? ಆಲದ ಮರ ಹಿಡಿದ ಬಾವಲಿಯ ಹಾಗೆ ಇಲ್ಲೇ ಜೋತುಬಿದ್ದಿರುತ್ತಿದ್ದೆನಲ್ಲ.

ನಿಮಗೆ ಗೊತ್ತಿಲ್ಲದ ಸುದ್ದಿ ಎರಡಿವೆ. ವಕೀಲರ ರೇಡಿಯೊ ನಿಮ್ಮ ಕೈಯಲ್ಲೇ ಅರ್ಧಕ್ಕೆ ನಿಂತಿತ್ತು. ಅದನ್ನು ನಾನು ಸರಿಮಾಡಿ ಕೊಟ್ಟೆ, ಕಣ್ಣು ತೆರೆದುಕೊಂಡು. ಇನ್ನೊಂದು, ನಿಮ್ಮ ಮೇಜಿನ ಮುಂದೆ ಈಗ ಅಕ್ಕ ಕೂರುತ್ತಾಳೆ. ಸಿಟ್ಟು ಸಿಟ್ಟೇ, ಆದರೆ ಅವಳ ಹೊಟ್ಟೆಪಾಡು ನೋಡಬೇಕಲ್ಲ. ಬಣ್ಣಬಣ್ಣದ ಚಿಂದಿ ಜೋಡಿಸಿ ಕೌದಿ ಹೊಲಿದು ಬಣ್ಣ ಪಳಗಿದ ಕಣ್ಣು, ಓದು ಬರದಿದ್ದರೂ ಅಂಕಿ ಬರುತ್ತದೆ. ದಂಟುಗಳನ್ನು ಮುಂದಿಟ್ಟು ಹೇಳಿಕೊಟ್ಟೆ. ಊಟವಾದ ಮೇಲೆ ಕುಳಿತವಳು ದನ ಮನೆಗೆ ಬರುವ ಹೊತ್ತಿಗೆ ಯಾವ ರೆಸಿಸ್ಟರು ಎತ್ತಿಕೊಟ್ಟರೂ ತಪ್ಪದೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ, ಮಾವ. ನೀವು ಆರು ವರ್ಷ ಮುಚ್ಚಿಟ್ಟದ್ದು ಒಂದೇ ಮಧ್ಯಾಹ್ನದ ಪಾಠ.

ಬರುವ ಸೋಮವಾರ ಹೆಂಡತಿ ಮಗಳನ್ನು ಕರೆದುಕೊಂಡು ಜೇವರ್ಗಿಗೆ ಹೋಗುತ್ತಿದ್ದೇನೆ. ಅಲ್ಲಿ ಅಂಗಡಿಗೆ ಒಂದು ಖೋಲಿ ಸಿಕ್ಕಿದೆ. ಹೇಳಿಕೊಟ್ಟಿದ್ದರೆ ಹೋಗುತ್ತಿರಲಿಲ್ಲ.

ಮಲ್ಲಣ್ಣ