ಹನ್ನೆರಡನೆಯವನ ಕ್ಯಾಚ್

ಜನವರಿ 9, ಬೆಳಿಗ್ಗೆ, ಅಂಗಡಿ

ದೊಡ್ಡ ಮೆಷಿನ್ನಲ್ಲಿ ಮತ್ತೆ ಪೇಪರ್ ಜಾಮ್. ಎಳೆದೆ, ಅರ್ಧ ಹಾಳೆ ಕೈಗೆ ಬಂತು, ಇನ್ನರ್ಧ ಒಳಗೇ ಉಳೀತು. ಹೊರಗೆ ಅರ್ಜಿ ಹಿಡ್ಕೊಂಡು ಜನ. ಅಷ್ಟರಲ್ಲಿ ನಮ್ಮ ಕ್ರಿಕೆಟ್ ಕ್ಲಬ್ಬಿನ ಸೆಕ್ರೆಟರಿ ಬಂದ. ಬಂದವನೇ ಕೌಂಟರ್ ಮೇಲೆ ಒಂದು ಚೀಲ ಸುರಿದ. ಹಳೇ ಫೋಟೋಗಳು, ಬೆನ್ನು ಕಿತ್ತ ಸ್ಕೋರ್‌ಬುಕ್ಕು, ಸ್ಟಂಪ್ ಮೇಲಿಡೋ ಒಂದು ಬೇಲ್ಸು.

"ಕ್ಲಬ್ಬಿಗೆ ಐವತ್ತು ವರ್ಷ ತುಂಬ್ತು. ಸ್ಮರಣ ಸಂಚಿಕೆ ತರ್ತಿದೀವಿ. ಇತಿಹಾಸ ನೀನೇ ಬರೀಬೇಕು."

"ನಾನ್ಯಾಕೋ?"

"ನಿನ್ ಹತ್ರ ಕಂಪ್ಯೂಟರ್ ಇದೆಯಲ್ಲ."

ಕಾರಣ ಅಷ್ಟೇ. ಬರೆಯೋಕೆ ಬರುತ್ತೆ ಅಂತಲ್ಲ, ಆಟ ಗೊತ್ತು ಅಂತಲ್ಲ. ಕಂಪ್ಯೂಟರ್ ಇದೆ. ಕ್ಲಬ್ಬಲ್ಲಿ ನನ್ನನ್ನ ಕರೆಯೋದೂ ಹಾಗೇ — ಜೆರಾಕ್ಸ್. ಅಂಗಡಿ ಹಾಕೋಕೆ ಮೊದಲು "ಹನ್ನೆರಡು" ಅಂತಿದ್ರು. ವರ್ಷಗಟ್ಟಲೆ ಟೀಮಿನ ಜೊತೆ ಹೋಗಿ, ನೀರು ಹೊತ್ತು, ಅವರಿವರ ಪ್ಯಾಡ್ ಕಟ್ಟಿ, ಆಡದೆ ವಾಪಸ್ ಬಂದವನಿಗೆ ಇನ್ನೇನು ಅಂತಾರೆ.

ಬೈಕೊಂಡೇ ಒಪ್ಪಿದೆ. ಯಾಕೆ ಒಪ್ಪಿದೆ ಅಂತ ಇಲ್ಲಾದ್ರೂ ಬರೀಬಹುದು. ಆ ಕ್ಯಾಚು.

ಐವತ್ತು ವರ್ಷದಲ್ಲಿ ನಮ್ಮ ಕ್ಲಬ್ಬು ಗೆದ್ದಿದ್ದು ಒಂದೇ ಒಂದು ಕಪ್ಪು. ಫೈನಲ್ಲಿನ ಕೊನೇ ಓವರು. ನಮ್ಮ ಓಪನರ್ ಕಾಲು ಉಳುಕಿಸ್ಕೊಂಡು ಹೊರಗೆ ಕೂತಿದ್ದ, ಅವನ ಬದಲು ನನ್ನನ್ನ ಫೀಲ್ಡಿಗೆ ಇಳಿಸಿದ್ರು. ಎದುರು ಟೀಮಿನ ಎಡಗೈ ಬ್ಯಾಟ್ಸ್‌ಮನ್ ಬಾರಿಸಿದ. ಹಾರಿ ಬಿದ್ದು ಹಿಡಿದೆ. ಗೆದ್ವಿ. ಆಮೇಲೆ ಎಲ್ಲರೂ ಬೌಲರ್‌ನ ಹೊತ್ಕೊಂಡು ಕುಣಿದ್ರು. ನಾನು ಸ್ಟಂಪ್ ಕಿತ್ತು ಚೀಲಕ್ಕೆ ತುಂಬಿದೆ, ಅದು ನನ್ನ ಕೆಲಸ.

ಸ್ಕೋರ್‌ಬುಕ್ ತೆಗೆದು ನೋಡಿದೆ. "ಕ್ಯಾಚ್: ಸಬ್". ಬದಲಿ ಆಟಗಾರ ಹಿಡಿದ್ರೆ ಹೆಸರು ಬರೆಯಲ್ವಂತೆ, ಹಾಗೇ ರೂಢಿ. ರೂಢಿ ಮಾಡಿದವನ ಕೈ ಸೇದಿ ಹೋಗ!

ಜನವರಿ 14

ಸ್ಥಾಪಕರನ್ನ ಮಾತಾಡಿಸೋಕೆ ಹೋಗಿದ್ದೆ. ಇಬ್ಬರು ಉಳಿದಿದಾರೆ. ಒಬ್ಬೊಬ್ಬರಾಗಿ ಕೇಳಿದೆ, ಇಬ್ಬರೂ ನಾನೇ ಸ್ಥಾಪಕ, ಅವನು ಬರೀ ಚೆಂಡು ತಂದವನು ಅಂದ್ರು. ಚೆಂಡು ಇಬ್ಬರೂ ತಂದಿದ್ರೆ ಬ್ಯಾಟು ಯಾರು ತಂದದ್ದು? ಅದು ಇಬ್ಬರಿಗೂ ನೆನಪಿಲ್ಲ.

ಒಂದು ಸಂಗತಿ ಮಾತ್ರ ಇಬ್ಬರೂ ಒಂದೇ ಥರ ಹೇಳಿದ್ರು. ಮೊದಲ ವರ್ಷ ಇದ್ದಿದ್ದು ಒಂದೇ ಜೊತೆ ಪ್ಯಾಡು. ಇಬ್ಬರು ಬ್ಯಾಟ್ಸ್‌ಮನ್‌ಗೂ ಒಂದೊಂದು ಕಾಲಿಗೆ. ಎಡಗಾಲು ಯಾರದ್ದು, ಬಲಗಾಲು ಯಾರದ್ದು ಅಂತ ನನ್ನೆದುರೇ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಜಗಳ ಶುರು ಮಾಡಿದ್ರು. ತಲೆ ಚಿಟ್ಟು ಹಿಡೀತು. "ಒಂದೇ ಜೊತೆ ಪ್ಯಾಡಿನಿಂದ ಆರಂಭ" ಅಂತ ಟೈಪ್ ಮಾಡಿ ಮಲಗಿದೆ.

ಜನವರಿ 21, ಮಧ್ಯಾಹ್ನ

ಕೊಕ್ಕರೆ ಬಂದಿದ್ದ. ನಮ್ಮ ಉದ್ದ ಕಾಲಿನ ಸ್ಲಿಪ್ ಫೀಲ್ಡರ್, ಈಗ ಟೈಲ್ಸ್ ಅಂಗಡಿ. ಕೇಳದೇನೇ ಶುರು ಮಾಡಿದ.

"ಫೈನಲ್ ಕ್ಯಾಚ್ ಚೆನ್ನಾಗಿ ಬರಿ. ನಾನು ಹಿಂದಕ್ಕೆ ಓಡಿ ಓಡಿ ಹಿಡಿದೆ ನೋಡು…"

"ಸ್ಕೋರ್‌ಬುಕ್ಕಲ್ಲಿ ಸಬ್ ಅಂತಿದೆ. ನೀನು ಆಡ್ತಿದ್ದವನು."

"ಸ್ಕೋರರ್ ಟೀ ಕುಡೀತಿದ್ದ. ಬಾಯಿಗೆ ಬಂದದ್ದು ಬರೆದಿದಾನೆ."

ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಆಗ ನನ್ನನ್ನ ಫೀಲ್ಡಿಗೆ ಕಳಿಸಿದವರೇ ಅವರು. "ಯಾರೋ ಹಿಡಿದ್ರಪ್ಪ. ಗೆದ್ವಲ್ಲ, ಸಾಕು ಬಿಡು." ಬೌಲರ್ ತೀರಿಕೊಂಡ, ಅಂಪೈರೂ ತೀರಿಕೊಂಡ್ರು. ಇನ್ನು ಯಾರನ್ನ ಕೇಳ್ಲಿ? ಗೆದ್ದೆತ್ತಿನ ಬಾಲ ಹಿಡಿಯೋಕೆ ಎಲ್ಲರೂ ರೆಡಿ. ಎತ್ತಿಗೆ ನೀರು ಕುಡಿಸಿದವನು ಯಾರಿಗೂ ಬೇಡ.

ಜನವರಿ 25, ಭಾನುವಾರ

ಭಾವ ಬಂದಿದ್ರು. ಹೆಂಡತಿಯ ಅಣ್ಣ. ಅವರೂ ಆ ದಿನ ನನ್ನ ಜೊತೆ ಬೆಂಚಿನ ಮೇಲೆ ಕೂತಿದ್ದವರೇ, ಹನ್ನೆರಡು ನಾನಾದ್ರೆ ಹದಿಮೂರು ಅವರು. ಆದ್ರೆ ಬಾಯಿ! ನಮ್ಮ ಮದುವೆ ಮಾತುಕತೆಗೆ ಕೂತಾಗ್ಲೇ ಆ ಕ್ಯಾಚ್ ಅವರದ್ದಾಗಿಹೋಗಿತ್ತು. ನಾನು ಹೆಣ್ಣು ನೋಡೋಕೆ ಹೋದವನು, ಹುಡುಗಿಯ ಅಣ್ಣನ ಎದುರು ಬಾಯಿ ತೆಗೀಲಾ? ಸುಮ್ನಿದ್ದೆ. ಮಾತು ಆಡಿದ್ರೆ ಹೋಯ್ತು ಅಂತಾರೆ. ಆಡದೇನೂ ಹೋಯ್ತು.

ಇವತ್ತು ಸೋಫಾ ಮೇಲಿಂದ ಎದ್ದು ಆಡಿ ತೋರಿಸಿದ್ರು. ಮಗಳ ಮಕ್ಕಳು ಚಪ್ಪಾಳೆ. ಅವರು ಹೋದ್ಮೇಲೆ ಹೆಂಡತಿಗೆ ಹೇಳೇ ಬಿಟ್ಟೆ.

"ಅದು ನಾನು ಹಿಡಿದಿದ್ದು ಕಣೇ."

"ಸುಮ್ನಿರಿ. ನೀವು ಮನೇಲಿ ಎಸೆದ ಬೀಗದ ಕೈನೂ ಹಿಡಿಯೋಲ್ಲ."

ನಕ್ಕಳು. ತಮಾಷೆ ಅಂದ್ಕೊಂಡಳು. ಬೇರೆ ಯಾರು ನಂಬದಿದ್ರೂ ಬಿಡು ಅನ್ನಬಹುದು. ಇವಳು?… ಊಟ ಸೇರಲಿಲ್ಲ.

ಫೆಬ್ರವರಿ 11

ಎರಡು ವಾರ ಕಡತ ತೆಗೆದೇ ಇರ್ಲಿಲ್ಲ. ಸೆಕ್ರೆಟರಿ ದಿನಾ ಫೋನು. ಇವತ್ತು ಅಂಗಡಿಗೇ ಬಂದು ಕೂತ.

"ಫೈನಲ್ ಪುಟ ಯಾಕೆ ಖಾಲಿ?"

"ಕ್ಯಾಚ್ ಯಾರದ್ದು ಅಂತ ತೀರ್ಮಾನ ಆಗಿಲ್ಲ."

"ನಿಮ್ಮ ಭಾವನ ಹೆಸರು ಹಾಕಿ ಮುಗಿಸು. ಮನೇಲೂ ಶಾಂತಿ."

"ನಾನು ಹಿಡಿದದ್ದು ಕಣೋ ಅದು!"

ಜೋರಾಗೇ ಬಂತು. ಗಿರಾಕಿಗಳು ತಿರುಗಿ ನೋಡಿದ್ರು. ಅವನು ಮೆತ್ತಗೆ ಹೇಳಿದ. "ಇರಬಹುದಪ್ಪ. ಆದ್ರೆ ಬರೆಯೋನೂ ನೀನೇ, ಹಿಡಿದೋನೂ ನೀನೇ ಅಂದ್ರೆ… ಬಡಿಸೋನು ತನ್ನ ತಟ್ಟೆಗೇ ಹಾಕ್ಕೊಂಡ ಅಂತಾರೆ. ಸಾಕ್ಷಿ ಇದ್ರೆ ತಗೊಂಡ್ಬಾ, ಹಾಕೋಣ."

ಸಾಕ್ಷಿ ಅಂತೆ. ಮೂವತ್ತೆಂಟು ವರ್ಷ ಆದ್ಮೇಲೆ ಸಾಕ್ಷಿ.

ಫೆಬ್ರವರಿ 13, ಬೆಳಿಗ್ಗೆ ಐದೂವರೆ

ಹೊಳೀತು! ಹಿಡಿದವನನ್ನ ಅವನ ಟೀಮೇ ಮರೀಬಹುದು. ಔಟಾದವನು ಮರೀತಾನಾ?

ಫೆಬ್ರವರಿ 17

ಆ ಎಡಗೈ ಬ್ಯಾಟ್ಸ್‌ಮನ್ ಈಗ ಹಲ್ಲಿನ ಡಾಕ್ಟರು. ಮಾರ್ಕೆಟ್ ಹಿಂದಿನ ಕಟ್ಟಡದಲ್ಲಿ, ಮೊದಲ ಮಹಡಿ. ಸೀದಾ ಹೋಗಿ "ನಿಮ್ಮನ್ನ ಔಟ್ ಮಾಡಿದ್ದು ನಾನೇ ಅಲ್ವಾ" ಅನ್ನೋಕೆ ಆಗುತ್ತಾ? ದವಡೆ ಹಲ್ಲು ನೋವು ಅಂತ ಹೆಸರು ಬರೆಸಿದೆ. ನೋವು ಗೀವು ಏನಿರ್ಲಿಲ್ಲ.

ಕುರ್ಚಿ ಹಿಂದಕ್ಕೆ ವಾಲಿಸಿ, ದೀಪ ಹಾಕಿ, ಬಾಯಿ ತೆರೆಸಿದ್ರು. ಎಡಗೈಯಲ್ಲೇ ಕೆಲಸ. "ಹುಳುಕು ಚೆನ್ನಾಗೇ ಇದೆ" ಅಂದ್ರು. ಸುಳ್ಳು ಹೇಳೋಕೆ ಹೋಗಿ ನಿಜವಾದ ಹುಳುಕು! ಇಂಜೆಕ್ಷನ್ ಚುಚ್ಚಿ, ಎರಡು ಕಡೆ ಹತ್ತಿ ತುರುಕಿದ್ರು. ಆಮೇಲೆ ಮಾಸ್ಕ್ ಮೇಲಿಂದ ನನ್ನ ಮುಖಾನೇ ನೋಡಿದ್ರು. ನೋಡ್ತಾನೇ ಇದ್ರು.

"ನೀನು ಅವನೇ ಅಲ್ವಾ?"

"ಆ…"

"ಎಲ್ಲರೂ ಬಿಳಿ ಪ್ಯಾಂಟು, ನೀನೊಬ್ಬ ಕಂದು ಪ್ಯಾಂಟು. ಮಿಡ್‌ವಿಕೆಟ್‌ನಲ್ಲಿ ನಿಂತಿದ್ದೆ."

ಕಣ್ಣಲ್ಲಿ ನೀರು ಬಂತು. ಹೌದು, ನನ್ನ ಹತ್ರ ಬಿಳಿ ಪ್ಯಾಂಟು ಇರ್ಲಿಲ್ಲ, ಆಡದವನಿಗೆ ಯಾಕೆ ಅಂತ ಅಪ್ಪ ಹೊಲಿಸಲಿಲ್ಲ. ನಾನೇ ಮರೆತಿದ್ದೆ. ಇವರು ಮರೆತಿಲ್ಲ! ತಲೆ ಆಡಿಸಿದೆ. "ಆ, ಆ!"

"ಅಲ್ಲಾಡಬೇಡ. ಮೂವತ್ತೆಂಟು ವರ್ಷದಿಂದ ನಿನ್ನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಚೆಂಡು ನೆಲಕ್ಕೆ ಬಿದ್ದು ಬಂತು. ನಾನು ನೋಡಿದೀನಿ. ನೀನು ಬಿದ್ದ ಚೆಂಡು ಎತ್ಕೊಂಡು ಕೈ ಮೇಲೆ ಮಾಡ್ದೆ, ಆ ಮುದುಕ ಅಂಪೈರ್ ಬೆರಳೆತ್ತಿದ."

"ಆಆ—"

"ಬಾಯಿ ದೊಡ್ಡದಾಗಿ ತೆಗಿ."

ಡ್ರಿಲ್ ಶುರು ಮಾಡಿದ್ರು. ಏನು ಹೇಳ್ಲಿ? ಹೇಳೋಕೆ ನಾಲಿಗೆ ಎಲ್ಲಿತ್ತು? ಹಲ್ಲು ತುಂಬಿ ಕಳಿಸಿದ್ರು. ಕೆಲಸ ಮಾತ್ರ ಸೊಗಸಾಗಿ ಮಾಡಿದಾರೆ, ಅದನ್ನ ಒಪ್ಪಬೇಕು. ಮೆಟ್ಟಿಲು ಇಳಿಯೋವಾಗ ಮರಗಟ್ಟಿದ ಬಾಯಲ್ಲಿ ಅವರಿಗೆ ಉತ್ತರ ಕೊಟ್ಟೆ. ಗೋಡೆಗೂ ಅರ್ಥ ಆಗಲಿಲ್ಲ.

ಫೆಬ್ರವರಿ 18

ಒಬ್ಬ ಸಾಕ್ಷಿ ಸಿಕ್ಕ. ಸಿಕ್ಕವನು ನನ್ನನ್ನ ಕಳ್ಳ ಅಂತಾನೆ. ಬಿಸಿ ತುಪ್ಪ… ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ.

ನೆಲಕ್ಕೆ ತಾಗಿತ್ತಾ? ಇಡೀ ದಿನ ಇದೇ. ಹಾರಿದ್ದು ನೆನಪಿದೆ. ಮೊಣಕೈ ತರಚಿದ್ದು ನೆನಪಿದೆ. ಕೈಯಲ್ಲಿ ಚೆಂಡು ಇದ್ದದ್ದು ನೆನಪಿದೆ. ನಡುವೆ ಏನಾಯ್ತು? ಸಂಜೆ ಒಳಕೋಣೆಯಲ್ಲಿ ಹಾಸಿಗೆ ಹಾಸಿ ಹಾಗೇ ಎಡಕ್ಕೆ ಹಾರಿ ನೋಡಿದೆ. ಸೊಂಟ ಲಟಕ್ ಅಂತು. ಆದ್ರೆ ಗೊತ್ತಾಯ್ತು — ಹಾರೋವಾಗ ನಾನು ಕಣ್ಣು ಮುಚ್ತೀನಿ. ಆಗಲೂ ಮುಚ್ಚಿದ್ದೆ. ದೇವರಾಣೆ, ನೋಡಿಲ್ಲ ನಾನು.

ತಲೆ ಎತ್ತಿದ್ರೆ ಬಾಗಿಲಲ್ಲಿ ಹೆಂಡತಿ.

"ಏನ್ರೀ ಇದು ಈ ವಯಸ್ಸಲ್ಲಿ?"

ಬಿದ್ದಲ್ಲಿಂದಲೇ ಎಲ್ಲಾ ಹೇಳಿದೆ. ಡಾಕ್ಟರು, ಕಂದು ಪ್ಯಾಂಟು, ನೆಲಕ್ಕೆ ಬಿತ್ತು ಅನ್ನೋ ಮಾತು. ನಗಲಿಲ್ಲ ಇವಳು. ಹಾಸಿಗೆ ತುದೀಲಿ ಕೂತು ಯೋಚನೆ ಮಾಡಿದಳು.

"ಬಿದ್ದ ಚೆಂಡು ಹಿಡಿದು ಔಟ್ ಅಂದ್ರಾ? ನಮ್ಮಣ್ಣ ಅಂಥ ಕೆಲಸ ಮಾಡೋನಲ್ಲ," ಅಂದಳು. "ಹಾಗಾದ್ರೆ ನೀವೇ ಇರಬೇಕು."

ನಂಬಿದಳು! ಮೂವತ್ತೆಂಟು ವರ್ಷಕ್ಕೆ ನಂಬಿದಳು. ಈ ಸಂತೋಷಕ್ಕೆ ಏನು ಮಾಡ್ಬೇಕೋ ತಿಳೀಲಿಲ್ಲ. ಸೊಂಟಕ್ಕೆ ಎಣ್ಣೆ ಹಚ್ಚು ಅಂದೆ.

ಫೆಬ್ರವರಿ 20

ಸೆಕ್ರೆಟರಿಗೆ ಡಾಕ್ಟರ್ ವಿಷಯ ಹೇಳಿದ್ದೇ ತಪ್ಪಾಯ್ತು. ಕಳ್ಳ ಅಂದ ಭಾಗ ನುಂಗಿ, ಗುರುತು ಹಿಡಿದ್ರು ಅಂತಷ್ಟೇ ಹೇಳಿದ್ದೆ. ಅವನು ಕುಣಿದಾಡಿದ. "ಸಂಚಿಕೆ ಬಿಡುಗಡೆ ಸಮಾರಂಭಕ್ಕೆ ಎದುರು ಟೀಮಿನವರೇ ಮುಖ್ಯ ಅತಿಥಿ! ಎಂಥಾ ಕಳೆ ಬರುತ್ತೆ!" ನಾನು ಬೇಡ ಬೇಡ ಅನ್ನೋದ್ರೊಳಗೆ ಫೋನ್ ಮಾಡಿಯೂ ಆಯ್ತು. ಡಾಕ್ಟರ್ ಒಪ್ಪಿದ್ರಂತೆ. ಮೈಕಲ್ಲಿ ಒಂದು ಮಾತು ಹೇಳೋದಿದೆ ಅಂದ್ರಂತೆ.

ಒಂದು ಮಾತು ಯಾವುದು ಅಂತ ನಂಗೊತ್ತು.

ಫೆಬ್ರವರಿ 22, ಭಾನುವಾರ

ಹೆಂಡತಿ ಅಣ್ಣನಿಗೆ ಫೋನಲ್ಲಿ ಎಲ್ಲಾ ಹೇಳಿದಾಳೆ, ಡಾಕ್ಟರ್ ವೇದಿಕೆ ಮೇಲೆ ಕೇಳ್ತಾರೆ ಅನ್ನೋದೂ ಸೇರಿಸಿ. ಹತ್ತು ನಿಮಿಷಕ್ಕೆ ಭಾವನ ಫೋನು ನನಗೆ.

"ಅಲ್ಲಯ್ಯಾ, ಆ ಕ್ಯಾಚು… ನೀನೇ ಅಲ್ವಾ ಹಿಡಿದದ್ದು?"

"ನೀವು ಅಂತಿದ್ರಲ್ಲ ಭಾವ."

"ನಾನಾ? ನಾನು ಬೆಂಚಿನ ಮೇಲಿದ್ದೆ. ಮಕ್ಕಳನ್ನ ನಗಿಸೋಕೆ ಏನೋ ಹೇಳ್ತೀನಪ್ಪ. ನೀನು ನಿನ್ನ ಹೆಸರೇ ಹಾಕು. ನ್ಯಾಯ ಅಂದ್ರೆ ನ್ಯಾಯ."

ಸಂಜೆ ಕೊಕ್ಕರೆ. ಅವನಿಗೆ ಭಾವ ಸುದ್ದಿ ಮುಟ್ಟಿಸಿದಾರೆ. ಸ್ಕೋರರ್ ಬಹಳ ಪ್ರಾಮಾಣಿಕ ಮನುಷ್ಯ, ಸಬ್ ಅಂತ ಬರೆದಿದ್ರೆ ಸಬ್ಬೇ ಅಂದ. ಕ್ಯಾಪ್ಟನ್‌ಗೂ ಜ್ಞಾಪಕ ಬಂತಂತೆ, ಕಂದು ಪ್ಯಾಂಟಿನ ಸಮೇತ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜನ. ಹೊಗಳಿಕೆ ಇದ್ದಷ್ಟು ದಿನ ಮೂರು ಜನದ ಕ್ಯಾಚು. ಬೈಗುಳ ಬರುತ್ತೆ ಅಂದ ತಕ್ಷಣ ಪೂರ್ತಿ ನನ್ನೊಬ್ಬನದು.

ಮೈಯೆಲ್ಲ ಉರೀತು. ಬೇಡ, ನನ್ನ ಹೆಸರೂ ಬೇಡ, "ಸಬ್" ಅಂತಲೇ ಇರಲಿ ಅಂತ ಸೆಕ್ರೆಟರಿಗೆ ಹೇಳಿದೆ.

"ನಾಳೆ ಪ್ರಿಂಟಿಗೆ ಹೋಗುತ್ತೆ. ರಾತ್ರಿಯೊಳಗೆ ಏನಾದ್ರೂ ಒಂದು ಕಳಿಸು," ಅಂದ.

ಕೂತೆ. ಫೈನಲ್ ಪುಟ ತೆಗೆದೆ. ಸಬ್ ಅಂತ ಹೊಡೆದೆ. ಅಳಿಸಿದೆ. ಹೆಂಡತಿ ಹಿಂದೆ ನಿಂತು ನೋಡ್ತಿದ್ದವಳು ಹೇಳಿದಳು, "ಹಿಡಿದದ್ದಂತೂ ಹಿಡಿದ್ರಲ್ಲ. ಬರೀರಿ."

ಬರೆದೆ. ಕಳಿಸಿದೆ.

ಮಾರ್ಚ್ 1, ಸಂಜೆ ನಾಲ್ಕು

ಸಂಚಿಕೆ ಬಂದಿದೆ, ಸಮಾರಂಭ ಇವತ್ತೇ. ಮುಖಪುಟದಲ್ಲಿ ಕಪ್ಪಿನ ಫೋಟೋ, ಸ್ವಲ್ಪ ಓರೆ. ಸ್ಥಾಪಕರು ಇಬ್ಬರ ಹೆಸರೂ ಒಂದೇ ಸಾಲಲ್ಲಿ ಹಾಕಿದೀನಿ, ಮೊದಲು ಯಾರದ್ದು ಅಂತ ಆಗಲೇ ಒಬ್ಬರು ಫೋನ್ ಮಾಡಿ ಕೂಗಾಡಿದ್ರು. ಫೈನಲ್ ಪುಟದಲ್ಲಿ ನನ್ನ ಹೆಸರು. ಜೆರಾಕ್ಸ್ ಅಂತಲ್ಲ. ಅಪ್ಪ ಅಮ್ಮ ಇಟ್ಟ ಹೆಸರು, ಪೂರ್ತಿ. ಎಷ್ಟೋ ಜನರ ಹೆಸರು ಅಚ್ಚು ಹಾಕಿ ಕೊಟ್ಟಿದೀನಿ ಈ ಅಂಗಡೀಲಿ. ನನ್ನದು ನೋಡಿ ಹೀಗಾಗುತ್ತೆ ಅಂದ್ಕೊಂಡಿರ್ಲಿಲ್ಲ. ಬಾಗಿಲು ಅರ್ಧ ಎಳೆದು ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಬಂದೆ.

ಹೆಂಡತಿ ಇಸ್ತ್ರಿ ಮಾಡ್ತಾ ಕೇಳಿದಳು. "ಡಾಕ್ಟರ್ ಎಲ್ಲರೆದುರು ಕೇಳಿಬಿಟ್ರೆ?"

"ಹಿಡಿದೆ ಅಂತೀನಿ. ಕಣ್ಣು ಮುಚ್ಚಿದ್ದೆ ಅಂತಲೂ ಹೇಳ್ತೀನಿ."

"ಅವರು ಕಳ್ಳ ಅಂದ್ರೆ?"

"ಅನ್ನಲಿ. ಅವರೊಬ್ಬರೇ ಅಲ್ವಾ ನನ್ನನ್ನ ನೆನಪಿಟ್ಕೊಂಡವರು."

ಅವಳು ನನ್ನ ಶರ್ಟಿನ ಕಾಲರ್ ಇನ್ನೊಂದ್ಸಲ ತೀಡಿದಳು.

ಹೊರಗೆ ಹಾರ್ನು. ಭಾವ ಕಾರ್ ತಂದಿದಾರೆ. ನಾನು ಇನ್ನೂ ಶರ್ಟ್ ಹಾಕಿಲ್ಲ, ಇದನ್ನ ಬರೀತಾ ಕೂತಿದೀನಿ. ಗೇಟಿಂದಲೇ ಕೂಗ್ತಿದಾರೆ — "ಬಾರಯ್ಯಾ ಬೇಗ! ಕಪ್ಪು ಗೆಲ್ಲಿಸಿದ ಕ್ಯಾಚ್ ಹಿಡಿದವನೇ ಲೇಟಾಗಿ ಬಂದ್ರೆ ಹೇಗೆ?" ಬೀದಿಗೆಲ್ಲ ಕೇಳೋ ಹಾಗೆ. ಎದುರುಮನೆಯವರು ಕಿಟಕಿ ತೆಗೆದ್ರು. ಹೆಂಡತಿ ಹೊರಡಿ ಅಂತಿದಾಳೆ.

ಇರು, ಇನ್ನೊಂದು ಸಲ ಕೂಗಲಿ. ಆಮೇಲೆ ಎದ್ದು ಶರ್ಟ್ ಹಾಕ್ಕೋತೀನಿ.